ಬಿಡದ ಕ್ಲಚ್ಚು

ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು ಎಂದೊಡನೆ ನಿಮ್ಮಲ್ಲಿ ಅನೇಕರಿಗೆ ಹೇಮಾವತಿ ನಾಲೆಯ ಬಾಗೂರು-ನವಿಲೆ ಸುರಂಗ ನೆನಪಿಗೆ ಬಂದೀತು. ನನಗೆ ನೆನಪಾಗುವುದು ಅಲ್ಲಿನ ನಮ್ಮ ಸೋದರಮಾವನವರ ಕೊಟ್ಟಿಗೆ. ಅದರ ಒಂದು ಮಗ್ಗುಲಲ್ಲಿ ತೆಂಗಿನಕಾಯಿಯ ರಾಶಿ, ಇನ್ನೊಂದು ಮಗ್ಗುಲಲ್ಲಿ ಒಂದು ಹಳೆಯ ಮಾರಿಸ್ ಮೈನರ್ ಕಾರು. ಇಂಗ್ಲೆಂಡಿನಲ್ಲಿ 1948ರಿಂದ 1971ರವರೆಗೆ ತಯಾರಾದ ಗಾಡಿ ಅದು. ನಮ್ಮ ದೇಶದಲ್ಲಿಯೂ ಹಿಂದೂಸ್ಥಾನ್ ಮೋಟಾರ್ಸಿನವರು ಅದನ್ನು ‘ಬೇಬಿ ಹಿಂದೂಸ್ಥಾನ್’ ಎಂಬ ಹೆಸರಿನಿಂದ ಹೊರತಂದಿದ್ದರು.

ಮಾವನವರು ತೀರಿಕೊಂಡ ಮೇಲೆ ನಾಲ್ಕು ಮಳೆಗಾಲ ಆ ಕಾರು ನಿಂತಲ್ಲಿಯೇ ನಿಂತಿತು. ಐದನೆಯ ವರ್ಷ ಅತ್ತೆ ನನ್ನನ್ನು ಕರೆಸಿದರು. “ನೋಡಪ್ಪ, ಓಡೋದಾದರೆ ಇಟ್ಟುಕೊಳ್ಳೋಣ. ಇಲ್ಲದಿದ್ದರೆ ಗುಜರಿಯವನು ಕೇಳಿ ಹೋಗಿದ್ದಾನೆ, ಕೊಟ್ಟುಬಿಡ್ತೀನಿ. ಜಾಗವಾದರೂ ಆಗುತ್ತೆ” ಎಂದರು. ಹೊಸ ಬ್ಯಾಟರಿ ಹಾಕಿ, ಪೆಟ್ರೋಲು, ಎಣ್ಣೆ ಬದಲಿಸಿದೆವು. ಎಂಜಿನ್ನೇನೋ ಕೆಮ್ಮಿ ಎದ್ದಿತು. ಆದರೆ ಕ್ಲಚ್ಚನ್ನು ಎಷ್ಟು ತುಳಿದರೂ ಗೇರು ಬೀಳಲೊಲ್ಲದು. ಕರಕರನೆ ಹಲ್ಲು ಕಡಿಯುವ ಸದ್ದು. ನೋಡಲು ಬಂದ ಮೆಕ್ಯಾನಿಕ್ಕು, ಗೇರ್‌ಬಾಕ್ಸು ಬಿಚ್ಚದೆ ಗತಿಯಿಲ್ಲ ಎಂದ. ಖರ್ಚು ಕೇಳಿ ಅತ್ತೆ ಗುಜರಿಯವನಿಗೆ ಹೇಳಿಕಳುಹಿಸುವ ಮಾತೆತ್ತಿದರು.

ನಾನು ಅವಸರಪಟ್ಟೆ. ಎಂಜಿನ್ನು ನಿಲ್ಲಿಸಿ, ಗೇರು ಹಾಕಿ, ಕ್ಲಚ್ಚು ತುಳಿದುಕೊಂಡು ಸ್ಟಾರ್ಟರಿನ ಗುಂಡಿ ಎಳೆದೆ. ಆ ಎಳೆತಕ್ಕೆ ಬಿಟ್ಟುಕೊಂಡೀತು ಎಂಬ ಆಸೆ. ಕ್ಲಚ್ಚು ಬಿಡಲಿಲ್ಲ, ಗಾಡಿ ಮಾತ್ರ ಒಂದು ಗಜ ಮುಂದಕ್ಕೆ ನೆಗೆಯಿತು. ಗೋಡೆಗೂ ಕಾರಿಗೂ ನಡುವೆ ಕುಳಿತು ಕಾಯಿ ಸುಲಿಯುತ್ತಿದ್ದ ಹುಡುಗ, ಒಂದು ಗಳಿಗೆಯ ಹಿಂದೆ ತಾನೇ ನೀರು ಕುಡಿಯಲು ಎದ್ದು ಹೋಗಿದ್ದ. ಆ ದಿನ ನಾನು ಮತ್ತೆ ಕಾರನ್ನು ಮುಟ್ಟಲಿಲ್ಲ. ಆಮೇಲೆ ನಿಧಾನವಾಗಿ ಕಲಿತದ್ದನ್ನು ಈ ಹೊತ್ತು ನಿಮಗೆ ಹೇಳುತ್ತೇನೆ.

ಮೊದಲು ಕ್ಲಚ್ಚಿನ ಕೆಲಸವೇನು, ನೋಡೋಣ. ಎಂಜಿನ್ನಿನ ಹಿಂಬದಿಯಲ್ಲಿ ಫ್ಲೈವೀಲ್ ಎಂಬ ಭಾರವಾದ ಚಕ್ರ ತಿರುಗುತ್ತಿರುತ್ತದೆ. ಅದಕ್ಕೆ ಎದುರಾಗಿ, ಸ್ಪ್ರಿಂಗುಗಳ ಬಲದಿಂದ ಒತ್ತುವ ಇನ್ನೊಂದು ತಟ್ಟೆ. ಇವೆರಡರ ನಡುವೆ, ಎರಡು ಅಂಗೈಗಳ ನಡುವಿನ ರೊಟ್ಟಿಯಂತೆ, ಕ್ಲಚ್ ಪ್ಲೇಟು ಸಿಕ್ಕಿಕೊಂಡಿರುತ್ತದೆ. ಗೇರ್‌ಬಾಕ್ಸಿನ ದಂಡ ಈ ಪ್ಲೇಟಿನ ಜೊತೆಯಲ್ಲಿ ತಿರುಗುತ್ತದೆ. ನೀವು ಪೆಡಲು ತುಳಿದಾಗ ಒತ್ತುವ ತಟ್ಟೆ ಹಿಂದೆ ಸರಿದು, ನಡುವಿನ ಪ್ಲೇಟಿಗೆ ಬಿಡುಗಡೆಯಾಗುತ್ತದೆ. ಸ್ವಾರಸ್ಯವೆಂದರೆ, ನಿಮ್ಮ ಕಾಲು ನಾಲ್ಕೈದು ಅಂಗುಲ ಇಳಿದರೂ ಒಳಗೆ ಪ್ಲೇಟಿನ ಮಗ್ಗುಲಿಗೆ ದೊರೆಯುವ ಬಿಡುವು ಹೆಚ್ಚೆಂದರೆ ಒಂದು ಮಿಲಿಮೀಟರಿನಷ್ಟು. ಆದ್ದರಿಂದ ದಾರಿಯಲ್ಲಿ ಅಷ್ಟಿಷ್ಟು ಚಲನೆ ಪೋಲಾದರೂ ಕ್ಲಚ್ಚು ಬಿಡದು. ಬಿಚ್ಚುವುದಕ್ಕೆ ಮೊದಲು ಕಾಲಿನಿಂದ ಒಳಕ್ಕೆ ಹುಡುಕುತ್ತ ಹೋಗಿ ಎನ್ನುವುದು ಇದೇ ಕಾರಣಕ್ಕೆ.

ರೋಗ ಯಾವುದೆಂದು ಗೊತ್ತುಮಾಡಿಕೊಳ್ಳಿ. ಎಂಜಿನ್ನು ಓಡದಿರುವಾಗ ಗೇರುಗಳು ಸಲೀಸಾಗಿ ಬಿದ್ದು, ಓಡುವಾಗ ಮಾತ್ರ ಕರಕರ ಎಂದರೆ, ತಪ್ಪು ಬಹುಮಟ್ಟಿಗೆ ಗೇರ್‌ಬಾಕ್ಸಿನದಲ್ಲ, ಕ್ಲಚ್ಚಿನದು. ಎಂಜಿನ್ನು ಅಬ್ಬರಿಸಿದರೂ ಗಾಡಿ ಏರು ಹತ್ತದಿದ್ದರೆ ಅದು ಕ್ಲಚ್ಚು ಜಾರುವ ರೋಗ. ಇದಕ್ಕೆ ತದ್ವಿರುದ್ಧವಾದದ್ದು, ಎರಡನ್ನೂ ಬೆರೆಸಬೇಡಿ.

ಇನ್ನು ಪೆಡಲಿನ ಕೆಳಗೆ ಬಗ್ಗಿ ನೋಡಿ. ನಗಬೇಡಿ; ನಮ್ಮ ಕಾರಿನಲ್ಲಿ ಅತ್ತೆಯವರು ಹಾಸಿದ್ದ ದಪ್ಪ ನಾರಿನ ಚಾಪೆಯೇ ಪೆಡಲನ್ನು ಅರ್ಧ ಅಂಗುಲ ತಡೆಯುತ್ತಿತ್ತು. ಆಮೇಲೆ ಪೆಡಲನ್ನು ಬೆರಳಿನಿಂದ ಒತ್ತಿರಿ. ಸ್ವಲ್ಪ ದೂರ ಅದು ಸಡಿಲವಾಗಿ ಇಳಿದು ಅನಂತರ ಬಿಗಿಯಾಗಬೇಕು. ಈ ಸಡಿಲ ಎಷ್ಟಿರಬೇಕೆಂಬುದಕ್ಕೆ ನಿಮ್ಮ ಗಾಡಿಯ ಕೈಪಿಡಿಯೇ ಪ್ರಮಾಣ. ಅಳತೆ ಮೀರಿದರೆ ಕ್ಲಚ್ಚು ಬಿಡದು. ಸಡಿಲವೇ ಇಲ್ಲದಿದ್ದರೆ ಜಾರುತ್ತದೆ. ಮೈನರಿನಂತಹ ಗಾಡಿಯಲ್ಲಿ ಪೆಡಲಿನಿಂದ ಕ್ಲಚ್ಚಿಗೆ ಕಂಬಿಗಳ ಸಂಪರ್ಕ. ಪ್ರತಿಯೊಂದು ಕೀಲಿನಲ್ಲಿಯೂ ಒಂದು ಪಿನ್ನು, ಒಂದು ರಂಧ್ರ. ಪಿನ್ನು ಸವೆದು ರಂಧ್ರ ಮೊಟ್ಟೆಯಾಕಾರವಾದರೆ ಒಂದೊಂದು ಕೀಲೂ ಚಲನೆಯನ್ನು ಕದಿಯುತ್ತದೆ. ಒಂದೊಂದೂ ಚಿಲ್ಲರೆ ಕಳವೇ. ಕೂಡಿಸಿದರೆ ಗಂಟೇ ಹೋದಂತೆ. ನಾವು ಸವೆದ ಎರಡು ಪಿನ್ನುಗಳನ್ನು ಬದಲಿಸಿದೆವು.

ಸ್ಟ್ಯಾಂಡರ್ಡ್ ಹೆರಾಲ್ಡಿನಂತಹ ಗಾಡಿಯಲ್ಲಿ ಕಂಬಿಗೆ ಬದಲಾಗಿ ಕೊಳವೆಯಲ್ಲಿರುವ ದ್ರವ ಒತ್ತಡವನ್ನು ಸಾಗಿಸುತ್ತದೆ. ಅಲ್ಲಿ ಡಬ್ಬಿಯ ಮಟ್ಟ ನೋಡಿ, ಎರಡು ತುದಿಯ ಸಿಲಿಂಡರುಗಳಲ್ಲಿ ಒಸರುವಿಕೆ ಇದೆಯೇ ನೋಡಿ. ನಾಲ್ಕಾರು ಸಲ ಪಟಪಟನೆ ತುಳಿದಾಗ ಕ್ಲಚ್ಚು ಬಿಡುವಂತಾದರೆ ಕೊಳವೆಯಲ್ಲಿ ಗಾಳಿ ಸೇರಿರಬಹುದು. ದ್ರವ ಕಡಮೆಯಾಯಿತೆಂದು ಎಂಜಿನ್ ಎಣ್ಣೆ ಸುರಿಯಬೇಡಿ. ಒಳಗಿನ ರಬ್ಬರು ಊದಿ ಕೆಡುತ್ತದೆ.

ಇಷ್ಟೆಲ್ಲ ಸರಿಯಿದ್ದು, ಗೇರ್‌ಬಾಕ್ಸಿನ ಬಳಿಯ ಕವೆ ಪೂರ್ತಿ ಚಲಿಸಿದರೂ ಕ್ಲಚ್ಚು ಬಿಡದಿದ್ದರೆ, ತೊಂದರೆ ಒಳಗಿದೆ. ಓಡುತ್ತಿದ್ದ ಗಾಡಿಯಾದರೆ ಪ್ಲೇಟು ಸೊಟ್ಟಗಾಗಿರಬಹುದು, ಎಣ್ಣೆ ಹತ್ತಿ ಅಂಟಾಗಿರಬಹುದು, ಬೇರಿಂಗು ಸವೆದಿರಬಹುದು. ಮೈನರಿನಲ್ಲಿ ಆ ಬೇರಿಂಗು ಇಂಗಾಲದ ಬಳೆ; ಪೆಡಲಿನ ಮೇಲೆ ಸದಾ ಕಾಲಿಟ್ಟು ಓಡಿಸುವವರ ಗಾಡಿಯಲ್ಲಿ ಬೇಗ ಸವೆಯುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯಾದರೆ ಮೊದಲ ಅನುಮಾನ ತುಕ್ಕಿನ ಮೇಲೆ: ಪ್ಲೇಟು ಫ್ಲೈವೀಲಿಗೆ ಕಚ್ಚಿಕೊಂಡಿರುತ್ತದೆ.

ಕಚ್ಚಿದ್ದನ್ನು ಬಿಡಿಸಲು ಕೆಲವರು ಸೀಮೆಎಣ್ಣೆ ಎರಚುವುದುಂಟು. ಪ್ಲೇಟಿನ ಹೊದಿಕೆ ಕೆಟ್ಟು, ಬೆಂಕಿಯ ಭಯವೂ ಸೇರಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಸ್ಟಾರ್ಟ್ ಮಾಡುವ ಉಪಾಯದ ಫಲವನ್ನು ಮೊದಲೇ ಹೇಳಿದ್ದೇನೆ. ನಾವು ಮಾಡಿದ್ದು ಇಷ್ಟೆ. ಬಾಗಿಲು ತೆರೆದು, ಕಾರನ್ನು ಬಯಲಿಗೆ ತಳ್ಳಿ, ಗೇರು ಹಾಕದೆ ಎಂಜಿನ್ನನ್ನು ಅರ್ಧ ಗಂಟೆ ಓಡಿಸಿ ಬಿಸಿ ಮಾಡಿ ನಿಲ್ಲಿಸಿದೆವು. ಪೆಡಲನ್ನು ಪೂರ್ತಿ ತುಳಿದು, ಅದಕ್ಕೂ ಸೀಟಿನ ಬುಡಕ್ಕೂ ನಡುವೆ ಒಂದು ಮರದ ತುಂಡು ಕೊಟ್ಟು, ರಾತ್ರಿಯೆಲ್ಲ ಹಾಗೆಯೇ ಬಿಟ್ಟೆವು. ಬೆಳಿಗ್ಗೆ ಕೀಲಿಕೈ ತೆಗೆದಿಟ್ಟು, ಮೇಲಿನ ಗೇರಿನಲ್ಲಿರಿಸಿ, ಮುಂದೆ ಹಿಂದೆ ಯಾರೂ ನಿಲ್ಲದಂತೆ ನೋಡಿಕೊಂಡು, ಇಬ್ಬರು ಪಕ್ಕದಿಂದ ಕಾರನ್ನು ತೊಟ್ಟಿಲಿನಂತೆ ಜೀಕಿದೆವು. ಇಪ್ಪತ್ತು ಸಲವೋ ಮೂವತ್ತು ಸಲವೋ ಆಗಿರಬೇಕು. ಒಳಗಿನಿಂದ ‘ಟಪ್’ ಎಂದು ಸಣ್ಣದೊಂದು ಸದ್ದು ಬಂತು. ಗಾಡಿ ಹಗುರವಾಗಿ ಉರುಳಿತು.

ಎಲ್ಲ ಗಾಡಿಗಳೂ ಇಷ್ಟಕ್ಕೇ ಒಲಿಯುವುದಿಲ್ಲ. ಒಂದೆರಡು ದಿನ ಪ್ರಯತ್ನಿಸಿಯೂ ಬಿಡದಿದ್ದರೆ ಮೆಕ್ಯಾನಿಕ್ಕಿನ ಮಾತೇ ಸರಿ, ಬಿಚ್ಚಲೇಬೇಕು. ಆಗ ಎರಡು ಎಚ್ಚರಿಕೆ. ಹಳೆಯ ಪ್ಲೇಟುಗಳ ಹೊದಿಕೆಯಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಊದಬೇಡಿ, ಗಾಳಿ ಹೊಡೆಸಬೇಡಿ, ಒದ್ದೆ ಬಟ್ಟೆಯಿಂದ ಒರಸಿ. ಎರಡನೆಯದು, ಪ್ಲೇಟಿನ ಯಾವ ಮುಖ ಫ್ಲೈವೀಲಿನ ಕಡೆಗಿತ್ತೆಂದು ಗುರುತು ಮಾಡಿಟ್ಟುಕೊಳ್ಳಿ. ತಿರುವುಮುರುವಾಗಿ ಕೂರಿಸಿದರೆ ಹೊಸ ಪ್ಲೇಟಾದರೂ ಬಿಡದೆ ಹೋಗಬಹುದು.

ನಿಮ್ಮಲ್ಲಿ ಹಳೆಯ ಕಾರು ಇರುವವರು ಕೆಲವರೇ. ಟ್ರ್ಯಾಕ್ಟರು ಇರುವವರು ಬಹಳ. ಉಳುಮೆ ಮುಗಿದು ತಿಂಗಳುಗಟ್ಟಲೆ ನಿಂತ ಟ್ರ್ಯಾಕ್ಟರಿಗೂ ಇದೇ ರೋಗ ಬರುತ್ತದೆ. ಬಹುಕಾಲ ನಿಲ್ಲಿಸುವಾಗ, ಕೈಪಿಡಿ ಒಪ್ಪುವುದಾದರೆ, ಕಂಬಿಯ ಕ್ಲಚ್ಚಿನ ಪೆಡಲನ್ನು ಒತ್ತಿ ಮರದ ತುಂಡು ಕೊಟ್ಟಿಡಿ; ತಿಂಗಳಿಗೊಮ್ಮೆ ಎಬ್ಬಿಸಿ ನಾಲ್ಕು ಮಾರು ಓಡಿಸಿ.

2021ರಲ್ಲಿ ಕೇಂದ್ರದ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿ ಉಂಟು. ಅತ್ತೆಗೆ ಅದನ್ನು ಓದಿ ಹೇಳಿದೆ. ಅವರು ಅದಕ್ಕೇನೂ ಹೇಳಲಿಲ್ಲ. ಆದರೆ ಗುಜರಿಯವನು ಮುಂದಿನ ವಾರ ಬಂದಾಗ, ಅವನಿಗೆ ಕಾಫಿ ಕೊಟ್ಟು ಕಳುಹಿಸಿದರು. ಆ ಮರದ ತುಂಡು ಈಗಲೂ ಕಾರಿನಲ್ಲಿಯೇ ಇದೆ. ಹುಡುಗ ಕಾಯಿ ಸುಲಿಯುವ ಜಾಗ ಮಾತ್ರ ಬದಲಾಗಿದೆ.