ಚಂದ್ರವಳ್ಳಿಗೆ ಬಂದ ರೋಮಿನ ನಾಣ್ಯ

ಪುರವರದಿಂದ ಮಧುಗಿರಿ, ಶಿರಾ ಹಾದು, ಹಿರಿಯೂರಿನ ಮೇಲೆ ಚಿತ್ರದುರ್ಗಕ್ಕೆ ಹೋಗುವುದು ನಮ್ಮ ಕಡೆಯವರಿಗೆ ದೂರದ ಪ್ರಯಾಣವೇನೂ ಅಲ್ಲ. ಕೋಟೆ ನೋಡಿದವರು ಅದರ ಮಗ್ಗುಲಲ್ಲಿರುವ ಚಂದ್ರವಳ್ಳಿಯ ಕಣಿವೆಯನ್ನೂ, ಕೆರೆಯನ್ನೂ ನೋಡಿ ಬರುತ್ತಾರೆ. ಕದಂಬ ಮಯೂರಶರ್ಮನ ಶಾಸನವಿರುವುದು ಅಲ್ಲಿಯೇ. ಆದರೆ ಆ ಶಾಸನಕ್ಕೂ ಹಿಂದೆ, ಶಾತವಾಹನರ ಕಾಲದಲ್ಲಿ, ಅಲ್ಲೊಂದು ಪಟ್ಟಣವಿತ್ತು. ಆ ಪಟ್ಟಣದ ಜನರ ಕೈಯಲ್ಲಿ ಸೀಸದ ನಾಣ್ಯಗಳ ಜೊತೆಗೆ ರೋಮ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯವೂ ಓಡಾಡಿತ್ತು.

ಇದು ಊಹೆಯ ಮಾತಲ್ಲ. 1929ರ ಸುಮಾರಿಗೆ ಮೈಸೂರು ಪುರಾತತ್ತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು ಚಂದ್ರವಳ್ಳಿಯಲ್ಲಿ ಅಗೆತ ನಡೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಚಂದ್ರವಳ್ಳಿಯನ್ನೂ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನೂ ಅಗೆದರು. ಅಲ್ಲಿ ದೊರೆತ ವಸ್ತುಗಳಲ್ಲಿ ರೋಮಿನ ಟೈಬೀರಿಯಸ್ ಚಕ್ರವರ್ತಿಯ ನಾಣ್ಯವೂ ಸೇರಿದೆ. ಬೆಂಗಳೂರಿನ ಬದಿಯ ಯಶವಂತಪುರದಲ್ಲಿ 1891ರಲ್ಲಿ 163 ಬೆಳ್ಳಿಯ ನಾಣ್ಯಗಳ ಗಂಟೇ ಸಿಕ್ಕಿತ್ತು. 1965ರಲ್ಲಿ ಅದೇ ನಗರದ ಎಚ್. ಎ. ಎಲ್. ವಿಮಾನ ನಿಲ್ದಾಣದ ಬಳಿ ಇನ್ನೊಂದು ಗಂಟು ಹೊರಬಿತ್ತು. ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ಸಿಕ್ಕಿದ್ದು ಚಿನ್ನದ ನಾಣ್ಯಗಳು. ಅವು ಇನ್ನೂ ಈಚಿನ ಕಾಲದವು.

ಇಷ್ಟು ದೂರದ ಹಣ ಇಲ್ಲಿಗೇಕೆ ಬಂತು? ಮಳೆಗಾಲದ ಗಾಳಿಯನ್ನು ಹಿಡಿದು, ಈಜಿಪ್ಟಿನ ರೇವುಗಳಿಂದ ಹಡಗುಗಳು ಕೆಂಪು ಸಮುದ್ರವನ್ನು ದಾಟಿ ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದವು. ಮೆಣಸು, ಮುತ್ತು, ರತ್ನ, ನವುರಾದ ಹತ್ತಿಯ ಬಟ್ಟೆ—ಇವು ಅವರಿಗೆ ಬೇಕಾದವು. ಬದಲಿಗೆ ಕೊಡಲು ಅವರ ಬಳಿ ದ್ರಾಕ್ಷಾರಸ, ಗಾಜು, ಹವಳ ಮೊದಲಾದ ಸರಕು ಇತ್ತು. ಅದು ಸಾಲದೆ ಹೋದಾಗ ನಗದನ್ನೇ ಎಣಿಸಬೇಕಾಯಿತು. ಪ್ಲಿನಿ ಎಂಬ ರೋಮಿನ ಲೇಖಕ, ಭಾರತವು ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್‌ಗಳನ್ನು ಎಳೆದುಕೊಳ್ಳುತ್ತಿದೆಯೆಂದು ಗೊಣಗಿದ್ದಾನೆ. ನಾಲ್ಕು ಸೆಸ್ಟರ್ಸ್‌ಗೆ ಒಂದು ಬೆಳ್ಳಿಯ ದಿನಾರಿಯಸ್. ಎಂದರೆ ಅದು ಒಂದೂಕಾಲು ಕೋಟಿ ಬೆಳ್ಳಿಯ ನಾಣ್ಯಗಳ ಬೆಲೆ. ಈ ಲೆಕ್ಕ ಎಷ್ಟು ಕರಾರುವಾಕ್ಕು ಎಂಬ ಚರ್ಚೆ ವಿದ್ವಾಂಸರಲ್ಲಿ ಉಂಟು. ಆದರೂ ಆ ದಿನಾರಿಯಸ್ಸೇ ನಮ್ಮ ಸಂಸ್ಕೃತದಲ್ಲಿ ‘ದೀನಾರ’ವಾಗಿ ನಿಂತಿದೆಯೆಂಬುದನ್ನು ಮರೆಯುವಂತಿಲ್ಲ.

ಆಗಸ್ಟಸ್ ಚಕ್ರವರ್ತಿಯ ಹೊಸ ದಿನಾರಿಯಸ್ ಮೂರನ್ನು ತಕ್ಕಡಿಗೆ ಹಾಕಿದರೆ ಸುಮಾರು ಒಂದು ತೊಲ ತೂಗುತ್ತಿತ್ತು. ಬೆಳ್ಳಿಯೂ ಬಹಳ ಚೊಕ್ಕ. ಕ್ರಿ. ಶ. 64ರಲ್ಲಿ ನೀರೋ ಚಕ್ರವರ್ತಿ ತೂಕವನ್ನು ಇಳಿಸಿದ, ಬೆರಕೆಯನ್ನು ಹೆಚ್ಚಿಸಿದ. ದಕ್ಷಿಣ ಭಾರತದಲ್ಲಿ ಸಿಗುವ ಬೆಳ್ಳಿಯ ನಾಣ್ಯಗಳಲ್ಲಿ ಬಹುಪಾಲು ಇದಕ್ಕೆ ಹಿಂದಿನವೇ. ನಮ್ಮ ವರ್ತಕರು ರಾಜನ ಮುಖಕ್ಕೆ ಮರುಳಾಗದೆ ಲೋಹಕ್ಕೆ ಬೆಲೆ ಕಟ್ಟುತ್ತಿದ್ದರೆಂದು ಇದರಿಂದ ತಿಳಿಯುತ್ತದೆ. ಕೆಲವು ನಾಣ್ಯಗಳಲ್ಲಿ ಉಳಿಯಿಂದ ಗೀಚಿದ ಗುರುತುಗಳಿವೆ. ಪುದುಕ್ಕೋಟೆಯ ಚಿನ್ನದ ನಾಣ್ಯಗಳಲ್ಲಂತೂ ಹೆಚ್ಚಿನವುಗಳ ಮುಖದ ಮೇಲೆಯೇ ಕಡಿತವಿದೆ. ಇನ್ನು ಕೆಲವಕ್ಕೆ ತೂತು ಕೊರೆದು ಕೊರಳಿಗೆ ಕಟ್ಟಿಕೊಂಡಿದ್ದಾರೆ. ನಮ್ಮ ಹೆಂಗಸರ ಕಾಸಿನ ಸರ ಇಂದಿನ ಬಯಕೆಯಲ್ಲ!

ಇಲ್ಲಿ ಹೆಚ್ಚಾಗಿ ಕಾಣುವ ಬೆಳ್ಳಿಯ ನಾಣ್ಯಗಳು ಎರಡು ಬಗೆಯವು. ಒಂದರಲ್ಲಿ, ಮುಂಬದಿಗೆ ಆಗಸ್ಟಸನ ಮುಖ, ಹಿಂಬದಿಗೆ ನಿಂತ ಇಬ್ಬರು ಯುವಕರು. ಅವರ ನಡುವೆ ಗುರಾಣಿ, ಈಟಿ. ಇವರು ಚಕ್ರವರ್ತಿ ದತ್ತು ಪಡೆದ ಮೊಮ್ಮಕ್ಕಳು ಗೇಯಸ್, ಲೂಸಿಯಸ್. ಮುಂದೆ ಪಟ್ಟಕ್ಕೆ ಬರತಕ್ಕವರೆಂದು ಲೋಕಕ್ಕೆಲ್ಲ ಸಾರಿದ ನಾಣ್ಯ ಅದು. ಲೂಸಿಯಸ್ ಕ್ರಿ. ಶ. 2ರಲ್ಲಿ, ಗೇಯಸ್ 4ರಲ್ಲಿ ತೀರಿಕೊಂಡರು. ಅಜ್ಜ ವಿಧಿಯಿಲ್ಲದೆ ಹೆಂಡತಿಯ ಮಗನಾದ ಟೈಬೀರಿಯಸನನ್ನು ಉತ್ತರಾಧಿಕಾರಿಯಾಗಿ ಮಾಡಿಕೊಂಡ. ಎರಡನೆಯ ಬಗೆ ಈ ಟೈಬೀರಿಯಸನದೇ. ಹಿಂಬದಿಗೆ ಕುಳಿತ ಸ್ತ್ರೀ. ಆಕೆ ಅವನ ತಾಯಿ ಲಿವಿಯಾ ಎಂದು ಹಲವರ ಮತ. ಎರಡು ನಾಣ್ಯಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಅರಮನೆಯ ದುಃಖವೂ ಒಂದು ರಾಜ್ಯದ ತಿರುವೂ ಅಂಗೈಯಲ್ಲೇ ಕಾಣುತ್ತವೆ.

ಈಗ ಮುಖ್ಯವಾದ ಮಾತು. ಟೈಬೀರಿಯಸ್ ಆಳಿದ್ದು ಕ್ರಿ. ಶ. 14ರಿಂದ 37ರವರೆಗೆ. ಅವನ ನಾಣ್ಯ ಮಣ್ಣಿನ ಒಂದು ಪದರದಲ್ಲಿ ಸಿಕ್ಕಿತೆಂದರೆ, ಆ ಪದರ 14ಕ್ಕೆ ಹಿಂದಿನದಾಗಲಾರದು. ಜೊತೆಗಿದ್ದ ಮಡಕೆ, ಮಣಿ, ಸೀಸದ ನಾಣ್ಯಗಳ ಕಾಲವನ್ನು ಗೊತ್ತುಮಾಡಲು ಅದೊಂದು ಗೂಟ. ತಾರೀಖಿಲ್ಲದ ನಮ್ಮ ಹಳೆಯ ಊರುಗಳಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾವುದು? ಅದೇ ನಾಣ್ಯವನ್ನು ಮಣ್ಣಿನಿಂದ ಕಿತ್ತು, ಸಿಕ್ಕಿದ ಸ್ಥಳವನ್ನು ಮರೆತರೆ, ಉಳಿಯುವುದು ಕಾಲು ತೊಲ ಚಿಲ್ಲರೆ ಬೆಳ್ಳಿ ಮಾತ್ರ. ಮೂಸೆಗೆ ಬಿದ್ದರಂತೂ ಮುಗಿದೇಹೋಯಿತು.

ಆದ್ದರಿಂದ, ಮಧುಗಿರಿಯಲ್ಲಾಗಲಿ, ಕೊರಟಗೆರೆ, ಪಾವಗಡಗಳಲ್ಲಾಗಲಿ, ಬಾವಿ ತೋಡುವಾಗ, ತೋಟ ಉಳುವಾಗ ಹಳೆಯ ನಾಣ್ಯದ ಮಡಕೆ ಕಂಡರೆ ನೀವು ಮಾಡಬೇಕಾದುದು ಸ್ವಲ್ಪವೇ. ಮಡಕೆಯನ್ನು ಬರಿದು ಮಾಡಬೇಡಿ, ಚೂರುಗಳನ್ನೂ ಎಸೆಯಬೇಡಿ. ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ, ಅಕ್ಷರ ಸವೆಯುತ್ತದೆ. ಸ್ಥಳವನ್ನೂ ಆಳವನ್ನೂ ಬರೆದಿಡಿ. ಕೂಡಲೇ ತಹಸೀಲ್ದಾರರಿಗೆ ತಿಳಿಸಿ. ನಿಧಿ ಸಿಕ್ಕಿದವರು ಸರಕಾರಕ್ಕೆ ವರದಿ ಮಾಡಬೇಕೆಂಬುದು ಕಾನೂನು. 1972ರ ಶಾಸನದಂತೆ ಪ್ರಾಚೀನ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವುದೂ ನಿಷಿದ್ಧ.

ಸಂಗ್ರಹದ ಹವ್ಯಾಸವುಳ್ಳ ತರುಣರಿಗೆ ಒಂದು ಸೂಚನೆ. ಕೊಳ್ಳುವುದಕ್ಕೆ ಮೊದಲು ನೋಡುವುದನ್ನು ಕಲಿಯಿರಿ. ಅಚ್ಚಿನಲ್ಲಿ ಎರಕ ಹೊಯ್ದ ನಕಲಿಗೆ ಅಂಚಿನಲ್ಲಿ ಬೆಸುಗೆಯ ಗೆರೆ ಇರುವುದುಂಟು, ಅಕ್ಷರಗಳು ಮೊಂಡಾಗಿರುತ್ತವೆ. ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಚಂದ್ರವಳ್ಳಿಯ ಅಗೆತದ ವಸ್ತುಗಳಿವೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಬರುವ ದಾರಿಯಲ್ಲಿ, ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿರುವ ಕಾಸುಗಳನ್ನು ಅವರೇ ಕೇಳುತ್ತಾರೆ. ಆಗ ಅವುಗಳ ತೂಕವನ್ನಲ್ಲ, ಅವು ಮನೆಗೆ ಬಂದ ಕಥೆಯನ್ನು ಹೇಳಿರಿ.