ಓಮದೆಣ್ಣೆಯ ಹರಳು

ಹೊಟ್ಟೆಯುಬ್ಬರವೆಂದೊಡನೆ ನಮ್ಮ ಮನೆಗಳಲ್ಲಿ ಹಿರಿಯರ ಕೈ ಮೊದಲು ಹೋಗುವುದು ಓಮದ ಡಬ್ಬಿಗೆ. ಆ ಕಾಳನ್ನು ಅಂಗೈಯಲ್ಲಿ ಹೊಸಕಿದಾಗ ಮೂಗಿಗೇರುವ ತೀಕ್ಷ್ಣ ಪರಿಮಳಕ್ಕೆ ಮೂಲವಾದ ದ್ರವ್ಯ ಥೈಮಾಲ್. ಅದನ್ನು ಅದರ ಸಂಗಾತಿಗಳಿಂದ ಬಿಡಿಸಿ ಶುದ್ಧರೂಪದಲ್ಲಿ ಪಡೆಯುವ ಬಗೆಯನ್ನು ಇಂದು ತಮ್ಮಲ್ಲಿ ನಿವೇದಿಸಬಯಸುತ್ತೇನೆ.

ಜಜ್ಜಿದ ಓಮದೊಳಗೆ ಹಬೆಯನ್ನು ಹಾಯಿಸಿದರೆ, ಒಂಟಿಯಾಗಿದ್ದಾಗ 232 ಡಿಗ್ರಿ ಸೆಂಟಿಗ್ರೇಡ್ ಶಾಖವಿಲ್ಲದೆ ಕುದಿಯದ ಥೈಮಾಲ್, ಹಬೆಯ ಸಹವಾಸದಿಂದ ನೀರು ಕುದಿಯುವಷ್ಟು ಬಿಸಿಯಲ್ಲಿಯೇ ಮೇಲೆದ್ದು, ತಂಪಾದ ನಳಿಗೆಯಲ್ಲಿ ಎಣ್ಣೆಯ ಅಂಶವಾಗಿ ಇಳಿದುಬರುತ್ತದೆ. ನೂರು ಸೇರು ಕಾಳಿಗೆ ದೊರೆಯುವ ಎಣ್ಣೆ ಎರಡು ಮೂರು ಸೇರು. ಅದರಲ್ಲಿಯೂ ಥೈಮಾಲಿನ ಪಾಲು ಹೆಚ್ಚುಕಡಿಮೆ ಅರ್ಧ, ಮಿಕ್ಕದ್ದು ಬಹುಮಟ್ಟಿಗೆ ಸೈಮೀನ್, ಟರ್ಪಿನೀನ್ ಮುಂತಾದ ಹೈಡ್ರೊಕಾರ್ಬನ್‌ಗಳು.

ಇವುಗಳನ್ನು ಅಗಲಿಸಲು ಮತ್ತೆ ಬೆಂಕಿಯ ಮೊರೆಹೋಗಬೇಕಾದುದಿಲ್ಲ. ಥೈಮಾಲ್ ಫೀನಾಲುಗಳ ಕುಲಕ್ಕೆ ಸೇರಿದುದರಿಂದ ಅದರಲ್ಲಿ ಅತ್ಯಲ್ಪವಾದ ಆಮ್ಲಗುಣವುಂಟು. ಆದಕಾರಣ ಕಾಸ್ಟಿಕ್ ಸೋಡಾದ ದ್ರಾವಣದೊಡನೆ ಎಣ್ಣೆಯನ್ನು ಕುಲುಕಿದಾಗ ಥೈಮಾಲ್ ಲವಣವಾಗಿ ಮಾರ್ಪಟ್ಟು ನೀರಿನಲ್ಲಿ ಕರಗಿಹೋಗುವುದು, ಕ್ಷಾರವನ್ನು ಕಣ್ಣೆತ್ತಿಯೂ ನೋಡದ ಹೈಡ್ರೊಕಾರ್ಬನ್‌ಗಳು ಮೇಲೆ ತೇಲುವುವು. ಕೆಳಗಿನ ಪದರವನ್ನು ಬಸಿದುಕೊಂಡು ಹೈಡ್ರೊಕ್ಲೋರಿಕ್ ಆಮ್ಲವನ್ನೆರೆದರೆ, ನೀರಿನಲ್ಲಿ ಅಡಗಿದ್ದ ಥೈಮಾಲ್ ಮರಳಿ ಸ್ವರೂಪಕ್ಕೆ ಬಂದು ಬೇರೆಯಾಗುತ್ತದೆ. ಅದನ್ನು ಮತ್ತೊಮ್ಮೆ ಕರಗಿಸಿ ಹರಳುಗಟ್ಟಿಸಿದರೆ, ಸುಮಾರು 50 ಡಿಗ್ರಿಯಲ್ಲಿ ಕರಗುವ ಬಿಳಿಯ ಹರಳುಗಳು ಕೈಸೇರುತ್ತವೆ. ರಸಾಯನಶಾಸ್ತ್ರದಲ್ಲಿ ಇದಕ್ಕಿಂತ ಸರಳವೂ ಸುಂದರವೂ ಆದ ಕ್ರಿಯೆಗಳು ವಿರಳವೆಂದೇ ನನ್ನ ಭಾವನೆ. ಎಣ್ಣೆಯನ್ನು ಬರಿದೆ ತಣಿಸಿದರೂ ಥೈಮಾಲಿನ ಒಂದಂಶ ಹರಳಾಗಿ ಕೂಡುವುದುಂಟು. ಹಿಂದಿ ಮಾತಾಡುವ ಜನ ಅದನ್ನು ಓಮದ ಹೂವೆಂದೇ ಕರೆಯುತ್ತಾರೆ.

ಪ್ರತಿಯೊಂದು ದ್ರವ್ಯದ ಸ್ವಭಾವಕ್ಕೂ ಒಂದೊಂದು ಉಪಾಯ. ಪುದೀನದ ಜಾತಿಯ ಎಣ್ಣೆಯಿಂದ ಮೆಂಥಾಲನ್ನು ಶೈತ್ಯವೇ ಹರಳುಗಟ್ಟಿಸುತ್ತದೆ. ಮಜ್ಜಿಗೆಹುಲ್ಲಿನ ಎಣ್ಣೆಯ ಸಿಟ್ರಾಲನ್ನು ಸೋಡಿಯಂ ಬೈಸಲ್ಫೈಟ್ ಹಿಡಿದಿಡುತ್ತದೆ.

ಕೊಕ್ಕೆಹುಳುವಿನ ಬೇನೆಗೆ ಥೈಮಾಲ್ ಒಂದು ಕಾಲಕ್ಕೆ ಮುಖ್ಯ ಔಷಧವಾಗಿತ್ತು. ಆದರೆ 1914ಕ್ಕೆ ಮೊದಲು ನಮ್ಮ ಓಮ ಜರ್ಮನಿಗೆ ಹಡಗೇರಿ, ಅಲ್ಲಿಂದ ಹರಳಾಗಿ ಬರುತ್ತಿತ್ತು. ಕಾಳು ನಮ್ಮದು, ಅದನ್ನು ಶೋಧಿಸುವ ವಿದ್ಯೆಯ ಫಲ ಅನ್ಯರದು ಎಂಬುದು ವ್ಯಸನಕರವಾದ ಸಂಗತಿ. ಮೊದಲ ಮಹಾಯುದ್ಧವು ಆ ದಾರಿಯನ್ನು ಮುಚ್ಚಿತು. ಅದೇ ಯುದ್ಧದಿಂದ ಜರ್ಮನಿಯ ಗಿರಾಕಿಗಳನ್ನು ಕಳೆದುಕೊಂಡ ಮೈಸೂರು ಸಂಸ್ಥಾನದ ಶ್ರೀಗಂಧಕ್ಕೆ 1916ರಲ್ಲಿ ಸಂಸ್ಥಾನದಲ್ಲಿಯೇ ಸರ್ಕಾರಿ ಎಣ್ಣೆ ಕಾರ್ಖಾನೆ ಏರ್ಪಟ್ಟಿತು.