ಸಂಭವನೀಯತೆಯ ಬುನಾದಿ ಮತ್ತು ಬದಿಗಿಟ್ಟ ಪ್ರಶ್ನೆ: ಆಂದ್ರೇ ಕೊಲ್ಮೊಗೊರೊವ್



1933ರಲ್ಲಿ ಬರ್ಲಿನ್ನಿನ ಸ್ಪ್ರಿಂಗರ್ ಪ್ರಕಾಶನವು ಜರ್ಮನ್ ಭಾಷೆಯಲ್ಲಿ ಹೊರತಂದ, ಅರವತ್ತು ಪುಟಗಳ ಆಸುಪಾಸಿನ ಒಂದು ತೆಳುವಾದ ಪುಸ್ತಕವು ಸಂಭವನೀಯತಾ ಸಿದ್ಧಾಂತವನ್ನು ಗಣಿತದ ಉಳಿದ ಶಾಖೆಗಳ ಪಂಕ್ತಿಯಲ್ಲಿ ಸರಿಸಮನಾಗಿ ಕೂರಿಸಿತು. ಅದನ್ನು ಬರೆದ ಮಾಸ್ಕೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಆಂದ್ರೇ ನಿಕೊಲಾಯೆವಿಚ್ ಕೊಲ್ಮೊಗೊರೊವ್ ಅವರಿಗೆ ಆಗ ಮೂವತ್ತು ವರ್ಷ. ಆ ಪುಸ್ತಕ ಒಂದು ಪ್ರಶ್ನೆಗೆ ಪೂರ್ಣವಾದ ಉತ್ತರ ಕೊಟ್ಟಿತು, ಇನ್ನೊಂದು ಪ್ರಶ್ನೆಯನ್ನು ತಿಳಿದೇ ಬದಿಗಿಟ್ಟಿತು. ಸಂಭವನೀಯತೆಯನ್ನು ಯಾವ ನಿಯಮಗಳಿಗೆ ಬದ್ಧವಾಗಿ ಲೆಕ್ಕ ಹಾಕಬೇಕು ಎಂಬುದು ಉತ್ತರ ಪಡೆದ ಪ್ರಶ್ನೆ. ಯಾದೃಚ್ಛಿಕತೆ, ಅಂದರೆ ಮುಂಗಾಣಲಾಗದ ಆಕಸ್ಮಿಕತೆ, ನಿಜಕ್ಕೂ ಏನು ಎಂಬುದು ಬದಿಗೆ ಸರಿದ ಪ್ರಶ್ನೆ. ಮೊದಲನೆಯದರಿಂದ ಕೊಲ್ಮೊಗೊರೊವ್ ಅವರಿಗೆ ಕೀರ್ತಿ ಬಂದಿತಾದರೂ, ಅವರ ದೊಡ್ಡತನದ ಪೂರ್ಣ ಅಳತೆ ಸಿಗುವುದು ಎರಡನೆಯದಕ್ಕೆ ಅವರು ಮೂವತ್ತು ವರ್ಷಗಳ ತರುವಾಯ ಮರಳಿ ಬಂದ ರೀತಿಯಲ್ಲಿ.

ಜೂಜಿನ ಪಣವನ್ನು ಹಂಚುವ ಸಮಸ್ಯೆಯ ಬಗ್ಗೆ 1654ರಲ್ಲಿ ಪ್ಯಾಸ್ಕಲ್ ಮತ್ತು ಫರ್ಮಾ ನಡೆಸಿದ ಪತ್ರವ್ಯವಹಾರದಿಂದ ಮೊದಲ್ಗೊಂಡು, ಯಾಕೊಬ್ ಬರ್ನೂಲಿ ಅವರ ಮರಣಾನಂತರ 1713ರಲ್ಲಿ ಪ್ರಕಟವಾದ ಗ್ರಂಥವನ್ನೂ 1812ರ ಲಾಪ್ಲಾಸ್ ಅವರ ಮಹಾಗ್ರಂಥವನ್ನೂ ದಾಟಿ ಬಂದ ಈ ಶಾಸ್ತ್ರಕ್ಕೆ ಫಲಗಳ ಕೊರತೆ ಎಂದೂ ಇರಲಿಲ್ಲ, ಕೊರತೆಯಿದ್ದುದು ಬುನಾದಿಯಲ್ಲಿ. ಸಮಾನ ಸಾಧ್ಯತೆಯುಳ್ಳ ಫಲಿತಗಳಲ್ಲಿ ಅನುಕೂಲವಾದವು ಎಷ್ಟು ಎಂಬ ಅನುಪಾತವೇ ಸಂಭವನೀಯತೆ ಎಂಬ ಹಳೆಯ ವ್ಯಾಖ್ಯೆ ದಾಳ ಮತ್ತು ನಾಣ್ಯಗಳಿಗೆ ಸಾಕಾಗುತ್ತಿತ್ತು, ಆದರೆ ಫಲಿತಗಳು ಅನಂತವಾಗಿರುವಲ್ಲಿ ಅದು ಕೈಕೊಡುತ್ತಿತ್ತು. ಒಂದು ವೃತ್ತದಲ್ಲಿ ಮನಬಂದಂತೆ ಎಳೆದ ಜ್ಯಾ, ಆ ವೃತ್ತದೊಳಗೆ ಕೂರುವ ಸಮಬಾಹು ತ್ರಿಭುಜದ ಬಾಹುವಿಗಿಂತ ಉದ್ದವಾಗಿರುವ ಸಂಭವನೀಯತೆ ಎಷ್ಟು ಎಂದು 1889ರಲ್ಲಿ ಕೇಳಿದ ಫ್ರೆಂಚ್ ಗಣಿತಜ್ಞ ಬರ್ಟ್ರಾಂಡ್, ಜ್ಯಾವನ್ನು ಆರಿಸುವ ಬಗೆ ಬದಲಾದಂತೆ ಉತ್ತರವು ಮೂರನೆಯ ಒಂದು, ಅರ್ಧ, ಕಾಲು ಎಂದು ಬದಲಾಗುವುದನ್ನು ತೋರಿಸಿದರು. 1900ರಲ್ಲಿ ಪ್ಯಾರಿಸ್ಸಿನ ಗಣಿತ ಮಹಾಸಮ್ಮೇಳನದಲ್ಲಿ ಹಿಲ್ಬರ್ಟ್ ಮುಂದಿಟ್ಟ ಸಮಸ್ಯೆಗಳ ಪೈಕಿ ಆರನೆಯದು, ಭೌತಶಾಸ್ತ್ರದ ಜೊತೆಗೆ ಸಂಭವನೀಯತೆಗೂ ಸ್ವಯಂಸಿದ್ಧಗಳ, ಅಂದರೆ ಸಾಧನೆಯಿಲ್ಲದೆ ಒಪ್ಪಿಕೊಳ್ಳುವ ಮೂಲ ನಿಯಮಗಳ, ತಳಹದಿ ಬೇಕೆಂದು ಕೇಳಿತ್ತು. ರಿಚರ್ಡ್ ಫಾನ್ ಮೀಸೆಸ್ 1919ರಲ್ಲಿ ಬೇರೊಂದು ದಾರಿ ಹಿಡಿದರು. ಕೊನೆಯಿಲ್ಲದ ಪ್ರಯೋಗ ಸರಣಿಯೊಂದರಲ್ಲಿ ಘಟನೆಯ ಆವೃತ್ತಿ ತಲುಪುವ ಮಿತಿಯೇ ಸಂಭವನೀಯತೆ, ಮತ್ತು ಸರಣಿಯಿಂದ ಯಾವ ಉಪಾಯದಿಂದ ಪದಗಳನ್ನು ಹೆಕ್ಕಿದರೂ ಆ ಮಿತಿ ಬದಲಾಗದಿರುವುದೇ ಯಾದೃಚ್ಛಿಕತೆ ಎಂದು ಅವರು ಹೇಳಿದರು. ಆಲೋಚನೆ ಆಳವಾದದ್ದೇ; ಆದರೆ 'ಯಾವ ಉಪಾಯದಿಂದಲೂ' ಎಂಬ ಮಾತಿಗೆ ಕಟ್ಟುನಿಟ್ಟಾದ ಅರ್ಥ ಕೊಡುವುದು ಆ ಕಾಲಕ್ಕೆ ಸಾಧ್ಯವಾಗಲಿಲ್ಲ.

ಇಂಥ ಸನ್ನಿವೇಶವನ್ನು ಪ್ರವೇಶಿಸಿದ ಕೊಲ್ಮೊಗೊರೊವ್ 1903ರ ಏಪ್ರಿಲ್ 25ರಂದು ರಷ್ಯಾದ ತಂಬೋವ್ ಪಟ್ಟಣದಲ್ಲಿ ಜನಿಸಿದರು. ತಾಯಿ ಹೆರಿಗೆಯಲ್ಲೇ ತೀರಿಕೊಂಡರು. ಕೃಷಿತಜ್ಞರಾಗಿದ್ದ ತಂದೆ ಮಗನ ಪಾಲನೆಯಲ್ಲಿ ಭಾಗಿಯಾಗಲಿಲ್ಲ. ಯಾರೊಸ್ಲಾವ್ಲ್ ಬಳಿಯ ತುನೊಶ್ನಾ ಗ್ರಾಮದ ಅಜ್ಜನ ಮನೆಯಲ್ಲಿ ಚಿಕ್ಕಮ್ಮ ವೇರಾ ಯಾಕೊವ್ಲೆವ್ನಾ ಅವರೇ ತಾಯಿಯಾಗಿ ಅವರನ್ನು ಬೆಳೆಸಿದರು. 1ನ್ನೂ 3ನ್ನೂ ಕೂಡಿದರೆ 2ರ ವರ್ಗ, ಅದಕ್ಕೆ 5ನ್ನು ಸೇರಿಸಿದರೆ 3ರ ವರ್ಗ ಎಂಬುದನ್ನು ಐದಾರು ವರ್ಷದ ಬಾಲಕ ತಾನಾಗಿಯೇ ಕಂಡುಕೊಂಡಿದ್ದೂ, ಮನೆಯ ಮಕ್ಕಳ ಕೈಬರಹದ ಪತ್ರಿಕೆಯಲ್ಲಿ ಅದು ದಾಖಲಾದದ್ದೂ ಅಲ್ಲಿಯೇ. 1920ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯ ಸೇರಿದ ಅವರು ಗಣಿತದ ಜೊತೆಜೊತೆಗೆ ಮಧ್ಯಯುಗದ ನೊವ್‌ಗೊರೊಡ್ ಪ್ರಾಂತದ ಭೂ ಒಡೆತನದ ಮೇಲೂ ಸಂಶೋಧನೆ ನಡೆಸಿದರು. ಗಣಿತಜ್ಞ ಲೂಜಿನ್ ಅವರ ಶಿಷ್ಯವೃಂದದಲ್ಲಿದ್ದು, ಬಹುತೇಕ ಎಲ್ಲ ಬಿಂದುಗಳಲ್ಲೂ ಅಪಸರಣಗೊಳ್ಳುವ, ಅಂದರೆ ನಿಶ್ಚಿತ ಮೊತ್ತವೊಂದಕ್ಕೆ ನೆಲೆನಿಲ್ಲದ, ಫೂರಿಯೆ ಶ್ರೇಣಿಯೊಂದನ್ನು 1922ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಕಟ್ಟಿ ತೋರಿಸಿದಾಗ ಅವರ ಹೆಸರು ರಷ್ಯಾದ ಆಚೆಗೂ ಕೇಳಿಬಂತು. ಸಂಭವನೀಯತೆಯ ಕಡೆಗೆ ಅವರು ಹೊರಳಿದ್ದು 1924ರ ಹೊತ್ತಿಗೆ, ಗಣಿತಜ್ಞ ಹಿಂಚಿನ್ ಅವರ ಒಡನಾಟದಲ್ಲಿ.

1933ರ ಪುಸ್ತಕದ ತಿರುಳನ್ನು ಕೆಲವು ವಾಕ್ಯಗಳಲ್ಲಿ ಹೇಳಬಹುದು, ಮತ್ತು ಹಾಗೆ ಹೇಳಲು ಬರುವುದೇ ಅದರ ಸೊಬಗು. ಪ್ರಯೋಗವೊಂದರ ಎಲ್ಲ ಫಲಿತಗಳೂ ಸೇರಿ ಒಂದು ಗಣವಾಗುತ್ತವೆ. ಆ ಗಣದ ಕೆಲವು ಉಪಗಣಗಳನ್ನು ಘಟನೆಗಳೆಂದು ಕರೆಯಲಾಗುತ್ತದೆ. ಪ್ರತಿಯೊಂದು ಘಟನೆಗೂ ಋಣವಲ್ಲದ ಒಂದು ಸಂಖ್ಯೆಯನ್ನು ಕೊಡಲಾಗುತ್ತದೆ, ಇಡೀ ಗಣಕ್ಕೆ ಸಲ್ಲುವ ಸಂಖ್ಯೆ 1. ಮತ್ತು ಒಂದನ್ನೊಂದು ಮುಟ್ಟದ ಘಟನೆಗಳು, ಅವು ಒಂದೊಂದಾಗಿ ಎಣಿಸಬಹುದಾದ ಅನಂತ ಸಾಲಾಗಿದ್ದರೂ ಸರಿಯೇ, ಒಟ್ಟಾಗಿ ಪಡೆಯುವ ಸಂಖ್ಯೆ ಅವುಗಳ ಬಿಡಿ ಸಂಖ್ಯೆಗಳ ಮೊತ್ತವಾಗಿರುತ್ತದೆ. ಗೆರೆಯ ಉದ್ದ ಮತ್ತು ಆಕೃತಿಯ ಕ್ಷೇತ್ರಫಲ ಪಾಲಿಸುವ ನಿಯಮವೂ ಇದೇ ಆದ್ದರಿಂದ, ಬೊರೆಲ್ ಮತ್ತು ಲೆಬೆಗ್ ಕಟ್ಟಿದ್ದ ಮಾಪನ ಸಿದ್ಧಾಂತದ ಸಮಸ್ತ ಸಂಪತ್ತು ಒಮ್ಮೆಗೇ ಸಂಭವನೀಯತೆಯ ಪಾಲಾಯಿತು: ಯಾದೃಚ್ಛಿಕ ಚರವು ಆ ಗಣದ ಮೇಲಿನ ಒಂದು ಉತ್ಪನ್ನವಾಯಿತು, ಅದರ ನಿರೀಕ್ಷಿತ ಬೆಲೆ ಅನುಕಲವಾಯಿತು. ಬರ್ಟ್ರಾಂಡ್ ಅವರ ಒಗಟೂ ಇಲ್ಲಿ ಕರಗುತ್ತದೆ, ಏಕೆಂದರೆ ಮೂರು ಉತ್ತರಗಳು ಮೂರು ಬೇರೆ ಬೇರೆ ಮಾಪನಗಳಿಗೆ ಸೇರಿದವು. ಮಾಪನವನ್ನು ಹೇಳದೆ ಸಂಭವನೀಯತೆಯನ್ನು ಕೇಳುವುದೇ ಅಪೂರ್ಣ ಪ್ರಶ್ನೆ.

ಬೊರೆಲ್, ಫ್ರೆಶೆ, ವೀನರ್ ಮೊದಲಾದವರು ಈ ದಿಕ್ಕಿನಲ್ಲಿ ಆಗಲೇ ಹೆಜ್ಜೆ ಇಟ್ಟಿದ್ದರು. ಕೊಲ್ಮೊಗೊರೊವ್ ಅವರ ಸ್ವಂತ ಕೊಡುಗೆ ಮೂರು ಕಡೆ ಎದ್ದು ಕಾಣುತ್ತದೆ. ಸಂಭವನೀಯತೆಯು ಬರಿಯ ಮಾಪನ ಸಿದ್ಧಾಂತವಲ್ಲ, ಘಟನೆಗಳ ಸ್ವತಂತ್ರತೆ ಎಂಬ ಕಲ್ಪನೆಯೇ ಅದಕ್ಕೆ ತನ್ನದೇ ಆದ ಮುದ್ರೆಯನ್ನು ಒತ್ತುತ್ತದೆ ಎಂದು ಅವರು ಸ್ಪಷ್ಟವಾಗಿ ಗುರುತಿಸಿದರು. ಸಂಭವನೀಯತೆ ಸೊನ್ನೆಯಾದ ಘಟನೆಯೊಂದು ನಡೆದಿದೆ ಎಂದುಕೊಂಡು ಮುಂದಿನದನ್ನು ಲೆಕ್ಕ ಹಾಕುವುದು ಹೇಗೆ ಎಂಬ ತೊಡಕನ್ನು ನಿಕೊದಿಮ್ 1930ರಲ್ಲಿ ಸಾಧಿಸಿದ್ದ ಪ್ರಮೇಯದ ನೆರವಿನಿಂದ ಬಿಡಿಸಿದರು. ಕಾಲದೊಂದಿಗೆ ಸಾಗುವ ಆಕಸ್ಮಿಕ ಚಲನೆಯ ಸೀಮಿತ ಕ್ಷಣಗಳ ವಿವರಗಳು ಪರಸ್ಪರ ಹೊಂದಿಕೊಂಡರೆ ಇಡೀ ಚಲನೆಗೆ ಒಂದು ಮಾಪನ ಇದ್ದೇ ಇರುತ್ತದೆ ಎಂದು ಸಾಧಿಸಿದರು. ಈ ಕೊನೆಯ ಪ್ರಮೇಯ, ಮತ್ತು ಇಂಥ ಚಲನೆಗಳ ಸಂಭವನೀಯತೆ ಕಾಲಕ್ಕೆ ತಕ್ಕಂತೆ ಬದಲಾಗುವುದನ್ನು ಅವಕಲ ಸಮೀಕರಣಗಳಲ್ಲಿ ಹಿಡಿದಿಟ್ಟ 1931ರ ಅವರ ಪ್ರಬಂಧ, ಇವೆರಡನ್ನು ತೆಗೆದುಹಾಕಿದರೆ ಡೂಬ್, ಇಟೊ ಮುಂತಾದವರ ಮುಂದಿನ ಕೆಲಸಕ್ಕೆ ನಿಲ್ಲುವ ನೆಲವೇ ಇರುವುದಿಲ್ಲ.

ಈ ಗಣಿತ ಬದುಕಿನ ಕಠಿಣ ಗಳಿಗೆಯಲ್ಲಿ ಹೇಗೆ ಬಳಕೆಯಾಯಿತು ಎಂಬುದನ್ನು ಸಭೆಯು ಗಮನಿಸಬೇಕು. ಆನುವಂಶಿಕತೆಯ ಕುರಿತ ಮೆಂಡೆಲ್ ನಿಯಮಗಳನ್ನು ಅಲ್ಲಗಳೆದು ಸೋವಿಯತ್ ಅಧಿಕಾರದ ಕೃಪೆ ಗಳಿಸಿದ್ದ ಲೈಸೆಂಕೊ ಅವರ ಪಕ್ಷದ ಸಂಶೋಧಕಿಯೊಬ್ಬರು, ಮೂರಕ್ಕೆ ಒಂದು ಎಂಬ ಮೆಂಡೆಲ್ ಅನುಪಾತವು ಪ್ರಯೋಗದಲ್ಲಿ ಕುಟುಂಬದಿಂದ ಕುಟುಂಬಕ್ಕೆ ಏರುಪೇರಾಗುವುದರಿಂದ ನಿಯಮವೇ ಸುಳ್ಳು ಎಂದು ಬರೆದಿದ್ದರು. ಕೊಲ್ಮೊಗೊರೊವ್ 1940ರಲ್ಲಿ ಅದೇ ಅಂಕಿಅಂಶಗಳನ್ನು ಎತ್ತಿಕೊಂಡು, ತಾವು 1933ರಲ್ಲಿ ರೂಪಿಸಿದ್ದ, ಇಂದು ಸ್ಮಿರ್ನೊವ್ ಅವರ ಹೆಸರಿನೊಂದಿಗೆ ಜೋಡಿಸಿ ಹೇಳುವ ಪರೀಕ್ಷೆಯನ್ನು ಅವುಗಳಿಗೆ ಅನ್ವಯಿಸಿದರು. ನಿಯಮ ನಿಜವಾದರೆ ಎಷ್ಟು ಏರುಪೇರು ಇರಬೇಕೋ ಅಷ್ಟೇ ಇದೆ, ಆದ್ದರಿಂದ ಆ ಪ್ರಯೋಗ ಮೆಂಡೆಲ್ ಅವರಿಗೆ ಹೊಸ ಸಾಕ್ಷ್ಯ ಎಂಬ ತೀರ್ಮಾನವನ್ನು ಪ್ರಬಂಧದ ಶೀರ್ಷಿಕೆಯಲ್ಲೇ ಸಾರಿದರು. ತಳಿವಿಜ್ಞಾನಿ ವವಿಲೊವ್ ಬಂಧನಕ್ಕೊಳಗಾದ ವರ್ಷವೂ ಅದೇ ಎಂಬುದನ್ನು ನೆನೆದರೆ ಆ ಕೆಲವೇ ಪುಟಗಳ ತೂಕ ತಿಳಿಯುತ್ತದೆ. ಆದರೆ ಅದೇ ಕೊಲ್ಮೊಗೊರೊವ್ 1936ರಲ್ಲಿ ಗುರು ಲೂಜಿನ್ ಅವರ ವಿರುದ್ಧ ನಡೆದ ವಿಚಾರಣೆಯಲ್ಲಿ ಆರೋಪ ಹೊರಿಸಿದವರ ಕಡೆಗಿದ್ದರು ಎಂಬುದೂ ಸತ್ಯ. ಮಹನೀಯರ ಚರಿತ್ರೆ ಬರೆಯುವವರು ಅದನ್ನು ಮರೆಮಾಚಬಾರದು.

1941ರಲ್ಲಿ ಪ್ರಕ್ಷುಬ್ಧ ಪ್ರವಾಹದ, ಅಂದರೆ ಸುಳಿಯೊಳಗೆ ಸುಳಿಯೇಳುವ ದ್ರವಚಲನೆಯ ನಿಯಮಗಳು, 1954ರಲ್ಲಿ ಗ್ರಹಚಲನೆಯ ಸ್ಥಿರತೆಗೆ ಸಂಬಂಧಿಸಿದ ಪ್ರಮೇಯ, 1957ರಲ್ಲಿ ಶಿಷ್ಯ ಆರ್ನಲ್ಡ್ ಜೊತೆಗೂಡಿ ಹಿಲ್ಬರ್ಟ್ ಅವರ ಹದಿಮೂರನೆಯ ಸಮಸ್ಯೆಗೆ ಪರಿಹಾರ, ಕೊಲ್ಮೊಗೊರೊವ್ ಅವರ ಈ ಸಾಧನೆಗಳು ಒಂದೊಂದೂ ಪ್ರತ್ಯೇಕ ಭಾಷಣ ಬೇಡುವ ವಿಷಯಗಳು. ಈ ಸಭೆಗೆ ಹತ್ತಿರವಾದದ್ದು 1962ರ ಭಾರತ ಪ್ರವಾಸ. ಮಹಾಲನೋಬಿಸ್ ಕಲ್ಕತ್ತೆಯಲ್ಲಿ ಸ್ಥಾಪಿಸಿದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೆ ಕೊಲ್ಮೊಗೊರೊವ್ ಅತಿಥಿಯಾಗಿ ಬಂದರು. ಕರ್ನಾಟಕದ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರ ಮಾರ್ಗದರ್ಶನದಲ್ಲಿ ಅಲ್ಲಿ ಸಂಶೋಧನೆ ನಡೆಸುತ್ತಿದ್ದ ಎಸ್. ಆರ್. ಶ್ರೀನಿವಾಸ ವರದನ್ ಅವರ ಪಿಎಚ್‌ಡಿ ಪ್ರಬಂಧಕ್ಕೆ ಕೊಲ್ಮೊಗೊರೊವ್ ಪರೀಕ್ಷಕರಲ್ಲಿ ಒಬ್ಬರಾದರು. ಅತಿ ವಿರಳ ಘಟನೆಗಳ ಸಂಭವನೀಯತೆಯನ್ನು ಅಳೆಯುವ ಸಿದ್ಧಾಂತಕ್ಕಾಗಿ 2007ರಲ್ಲಿ ಆಬೆಲ್ ಪ್ರಶಸ್ತಿ ಪಡೆದವರು ಅದೇ ವರದನ್. ಆ ಸಂಸ್ಥೆಯ 'ಸಾಂಖ್ಯ' ಪತ್ರಿಕೆಯಲ್ಲಿ 1963ರಲ್ಲಿ ಕೊಲ್ಮೊಗೊರೊವ್ ಅವರ ಒಂದು ಪುಟ್ಟ ಪ್ರಬಂಧ ಅಚ್ಚಾಯಿತು. ಅದರ ವಿಷಯ ಯಾದೃಚ್ಛಿಕ ಸಂಖ್ಯೆಗಳ ಕೋಷ್ಟಕ.

ಬದಿಗಿಟ್ಟಿದ್ದ ಪ್ರಶ್ನೆ ಅಲ್ಲಿ ಮತ್ತೆ ತಲೆಯೆತ್ತಿತು. ಅನಂತ ಸರಣಿಯ ಮಿತಿಯನ್ನು ನಂಬಿದ ಫಾನ್ ಮೀಸೆಸ್ ಅವರ ಮಾರ್ಗ ವ್ಯವಹಾರಕ್ಕೆ ಒದಗದು, ಏಕೆಂದರೆ ಲೋಕದಲ್ಲಿ ಸಿಗುವ ಸರಣಿಗಳೆಲ್ಲ ಸೀಮಿತವಾದವು ಎಂಬ ತಮ್ಮ ಹಳೆಯ ಆಕ್ಷೇಪವನ್ನು ಕೊಲ್ಮೊಗೊರೊವ್ ಬಿಟ್ಟುಕೊಡಲಿಲ್ಲ. ಸೀಮಿತ ಕೋಷ್ಟಕವೊಂದರಿಂದ ಸರಳ ವಿಧಾನಗಳಿಂದ ಹೆಕ್ಕಿದ ಪದಗಳಲ್ಲಿ ಆವೃತ್ತಿ ಹೆಚ್ಚುಕಡಿಮೆ ಸ್ಥಿರವಾಗಿರಬೇಕು, ಸರಳ ವಿಧಾನಗಳ ಸಂಖ್ಯೆಗೆ ಮಿತಿ ಇದ್ದೇ ಇರುತ್ತದೆ ಎಂದು ತೋರಿಸಿ ಆ ಮಾರ್ಗವನ್ನೇ ದುರಸ್ತಿ ಮಾಡಿದರು. ಎರಡು ವರ್ಷಗಳ ಬಳಿಕ, 1965ರಲ್ಲಿ, ಇದು ಇನ್ನೂ ತಿಳಿಯಾದ ರೂಪ ತಾಳಿತು. ಸೊನ್ನೆ ಮತ್ತು ಒಂದುಗಳ ಸರಣಿಯೊಂದನ್ನು ಯಂತ್ರದಿಂದ ಬರೆಸಲು ಬೇಕಾದ ಅತಿ ಚಿಕ್ಕ ಆದೇಶದ ಉದ್ದವೇ ಆ ಸರಣಿಯ ಸಂಕೀರ್ಣತೆ. ಸೊನ್ನೆ-ಒಂದುಗಳ ಜೋಡಿಯನ್ನು ಐನೂರು ಸಲ ಬರೆ ಎಂಬ ಆದೇಶ ಚಿಕ್ಕದು. ನಾಣ್ಯವನ್ನು ಸಾವಿರ ಸಲ ಚಿಮ್ಮಿ ಪಡೆದ ಸರಣಿಯನ್ನು ಹೇಳಲು ಸಾಮಾನ್ಯವಾಗಿ ಸರಣಿಯನ್ನೇ ಪೂರ್ತಿಯಾಗಿ ಒಪ್ಪಿಸಬೇಕು. ತನಗಿಂತ ಚಿಕ್ಕದಾದ ವಿವರಣೆ ಇಲ್ಲದ ಸರಣಿಯೇ ಯಾದೃಚ್ಛಿಕ. ಆದೇಶಗಳನ್ನು ಸುಮ್ಮನೆ ಎಣಿಸಿದರೆ ಸಾಕು, ತನಗಿಂತ ಕನಿಷ್ಠ 10 ಅಂಕಿ ಕಡಿಮೆ ಉದ್ದದ ಆದೇಶದಿಂದ ಹುಟ್ಟಬಲ್ಲ ಸರಣಿಗಳು 512ರಲ್ಲಿ ಒಂದಕ್ಕಿಂತಲೂ ಕಡಿಮೆ ಎಂದು ತಿಳಿಯುತ್ತದೆ. ಆದರೂ ಕೊಟ್ಟ ಯಾವುದೇ ಸರಣಿಯ ಸಂಕೀರ್ಣತೆಯನ್ನು ನಿಖರವಾಗಿ ಕಂಡುಹಿಡಿಯುವ ಸರ್ವಸಾಮಾನ್ಯ ಕ್ರಮವಿಧಿ ಇರಲಾರದು. ಅಮೆರಿಕದಲ್ಲಿ ಸೊಲೊಮನಾಫ್ ಕೊಲ್ಮೊಗೊರೊವ್ ಅವರಿಗಿಂತ ಮುಂಚೆ, ಚೈಟಿನ್ ತುಸು ತಡವಾಗಿ, ಸ್ವತಂತ್ರವಾಗಿ ಇದೇ ಕಲ್ಪನೆಯನ್ನು ಮುಟ್ಟಿದ್ದರು.

ಆ ವರ್ಷಗಳಲ್ಲಿ ಕೊಲ್ಮೊಗೊರೊವ್ ಅವರ ದಿನಚರಿಯ ದೊಡ್ಡ ಪಾಲು ಮಕ್ಕಳಿಗೆ ಸಲ್ಲುತ್ತಿತ್ತು. 1963ರಲ್ಲಿ ಮಾಸ್ಕೋದಲ್ಲಿ ಆರಂಭವಾದ, ದೂರದ ಊರುಗಳ ಪ್ರತಿಭಾವಂತ ಮಕ್ಕಳ ವಸತಿಶಾಲೆಯಲ್ಲಿ ಅವರು ಸ್ವತಃ ಪಾಠ ಹೇಳಿದರು. 1970ರಲ್ಲಿ ಭೌತಶಾಸ್ತ್ರಜ್ಞ ಕಿಕೊಯಿನ್ ಅವರೊಂದಿಗೆ ಶಾಲಾಮಕ್ಕಳಿಗಾಗಿ 'ಕ್ವಾಂಟ್' ಮಾಸಪತ್ರಿಕೆಯನ್ನು ಕಟ್ಟಿದರು. ಜಗತ್ತಿನ ಅಗ್ರಗಣ್ಯ ಗಣಿತಜ್ಞರೊಬ್ಬರು ಇದನ್ನು ಕಿರುಗೆಲಸವೆಂದು ಎಣಿಸಲಿಲ್ಲ. ಕನ್ನಡದಲ್ಲಿ ಪ್ರೌಢಶಾಲೆಯ ಮಕ್ಕಳಿಗಾಗಿ ಗಣಿತದ ಅಂಥದೊಂದು ಪತ್ರಿಕೆ ನಿರಂತರವಾಗಿ ನಡೆಯುವಂತೆ ನೋಡಿಕೊಳ್ಳುವುದು ಇಲ್ಲಿ ನೆರೆದ ವಿದ್ವಾಂಸರ ಕೈಯಲ್ಲೇ ಇದೆ.

1964-65ರಲ್ಲಿ ಮಾಸ್ಕೋದಲ್ಲಿ ಕೊಲ್ಮೊಗೊರೊವ್ ಅವರ ಬಳಿ ಕಲಿತ ಸ್ವೀಡನ್ನಿನ ಪೇರ್ ಮಾರ್ಟಿನ್-ಲೊಫ್, ಅನಂತ ಸರಣಿಯ ಯಾದೃಚ್ಛಿಕತೆಗೆ 1966ರಲ್ಲಿ ಕೊಟ್ಟ ವ್ಯಾಖ್ಯೆಯು 1933ರ ಮಾಪನವನ್ನೂ 1965ರ ಕ್ರಮವಿಧಿಯ ಕಲ್ಪನೆಯನ್ನೂ ಒಟ್ಟಿಗೆ ಹೆಣೆಯಿತು: ಯಂತ್ರದಿಂದ ನಡೆಸಬಹುದಾದ ಪರೀಕ್ಷೆಗಳು ಗುರುತಿಸುವ, ಮಾಪನ ಸೊನ್ನೆಯಾದ ಗಣಗಳಲ್ಲಿ ಯಾವುದರೊಳಗೂ ಬೀಳದ ಸರಣಿಯೇ ಯಾದೃಚ್ಛಿಕ. ಕೊಲ್ಮೊಗೊರೊವ್ 1987ರ ಅಕ್ಟೋಬರ್ 20ರಂದು ನಿಧನರಾದರು. ಅದಕ್ಕೆ ನಾಲ್ಕು ವರ್ಷ ಮೊದಲು ಪ್ರಕಟವಾದ, ಸಂಭವನೀಯತೆಯ ತಾರ್ಕಿಕ ತಳಹದಿಯನ್ನು ಕುರಿತ ಬರಹದಲ್ಲಿ, ಎಂಬತ್ತರ ಆ ವೃದ್ಧರು ಕ್ರಮದ ಅಭಾವ ಎಂಬ ವಿಶಾಲ ಅರ್ಥದ ಯಾದೃಚ್ಛಿಕತೆ ಬೇರೆ, ಸಂಭವನೀಯತಾ ಸಿದ್ಧಾಂತವನ್ನು ಅನ್ವಯಿಸಲು ಯೋಗ್ಯವಾದ ಯಾದೃಚ್ಛಿಕತೆ ಬೇರೆ ಎಂದು ವಿಂಗಡಿಸಿ, ಎರಡರ ನಡುವಿನ ಗೆರೆಯನ್ನು ಎಲ್ಲಿ ಎಳೆಯಬೇಕು ಎಂದು ಶೋಧಿಸುತ್ತಲೇ ಇದ್ದರು.